ಹದಿನೆಂಟು ವರ್ಷ ಯಾರೂ ಹೇಳದ ಡಬಲ್

ಮೀನಾಕ್ಷಮ್ಮ ಟೀಚರ್ ನನಗೆ ಮೂರು ವರ್ಷ ಗಣಿತ ಹೇಳಿಕೊಟ್ಟವರು. ತುರುವೇಕೆರೆಯ ಹೈಸ್ಕೂಲಿನಲ್ಲಿ ನಾವೆಲ್ಲ ಅವರಿಗೆ ಹೆದರುತ್ತಿದ್ದೆವು. ಅವರು ಹೊಡೆದವರಲ್ಲ, ಗದರಿದವರೂ ಅಲ್ಲ. ಯಾರಾದರೂ ಲೆಕ್ಕ ಮುಗಿಸದೆ "ಬಂತು ಮಿಸ್" ಎಂದು ಕೈ ಎತ್ತಿದರೆ, ಸೀಮೆಸುಣ್ಣವನ್ನು ಮುಂದೆ ಚಾಚಿ "ಬಾ, ಬರೆದು ತೋರಿಸು" ಎನ್ನುತ್ತಿದ್ದರು. ಬೋರ್ಡಿನ ಮುಂದೆ ಬೆವರುತ್ತ ನಿಲ್ಲುವ ಆ ಎರಡು ನಿಮಿಷವೇ ಸಾಕಾಗುತ್ತಿತ್ತು. ನಾನೂ ಒಮ್ಮೆ ಹಾಗೆ ನಿಂತಿದ್ದೇನೆ.

ಈಗ ನಾನು ತಿಪಟೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಟೀಚರ್ ನಿವೃತ್ತರಾಗಿ ಎಂಟು ವರ್ಷವಾಯಿತು. ಗಂಡ ಸದಾಶಿವಯ್ಯನವರ ಜೊತೆ ಬಿಳಿಗೆರೆಯ ತೋಟದ ಮನೆಯಲ್ಲಿದ್ದಾರೆ. ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಕೂತು, ಕನ್ನಡಕ ಒರೆಸಿಸಿಕೊಂಡು, ಅರ್ಧ ಗಂಟೆ ಮಾತಾಡಿ ಹೋಗುತ್ತಾರೆ. ಈ ಕಥೆಯನ್ನು ನಾನು ಹೆಚ್ಚಾಗಿ ಅವರಿಂದಲೇ ಕೇಳಿದ್ದು. ಉಳಿದದ್ದು ಅವರ ಗಂಡನ ಗೆಳೆಯರಿಂದ. ಅವರೂ ನನ್ನ ಗಿರಾಕಿಗಳೇ.

ಸದಾಶಿವಯ್ಯನವರು ತೆಂಗಿನ ತೋಟದವರು, ಕೊಬ್ಬರಿ ವ್ಯಾಪಾರಿ. ಮಾತು ದೊಡ್ಡದು, ಮನಸ್ಸೂ ದೊಡ್ಡದು. ನೆಂಟರ ಮದುವೆ ಮಾತುಕತೆಗೆ ಹೋದವರು "ಎಳನೀರಿನ ಚಿಂತೆ ಬಿಡ್ರಿ, ಐನೂರು ನಾನು ಕಳಿಸ್ತೀನಿ" ಎಂದು ಒಪ್ಪಿಕೊಂಡು ಬಂದು, ಮಾರನೇ ದಿನ ತೋಟದಲ್ಲಿ ತಲೆ ಎತ್ತಿಕೊಂಡು ಗೊನೆ ಎಣಿಸುವ ಪೈಕಿ. ಕೊಬ್ಬರಿಗೆ ಬಿಡುವ ತೋಟದಲ್ಲಿ ಐನೂರು ಎಳನೀರು ಇಳಿಸಿದರೆ ವರ್ಷದ ಕೊನೆಗೆ ಅಟ್ಟದ ಮೇಲೆ ಏನು ಉಳಿಯುತ್ತದೆ ಎಂಬ ಲೆಕ್ಕ ಟೀಚರಿಗೆ ಗೊತ್ತಿತ್ತು. ಆದರೂ ಅವರು ಏನೂ ಅನ್ನುತ್ತಿರಲಿಲ್ಲ.

ಮೈಸೂರಿನಲ್ಲಿ ಓದುವಾಗ ಸದಾಶಿವಯ್ಯನವರು ಹಾಸ್ಟೆಲಿನಲ್ಲಿ ಬ್ರಿಜ್ ಎಂಬ ಇಸ್ಪೀಟಾಟ ಕಲಿತಿದ್ದರು. ಊರಿಗೆ ಬಂದ ಮೇಲೆ ಅದನ್ನು ಮೂವರು ಗೆಳೆಯರಿಗೆ ಹಟ ಹಿಡಿದು ಕಲಿಸಿದರು. ಒಬ್ಬರು ಪಂಪ್‌ಸೆಟ್ ಮೋಟಾರು ರಿಪೇರಿಯ ಭೀಮರಾಜು, ಇನ್ನೊಬ್ಬರು ಬಟ್ಟೆ ಅಂಗಡಿಯ ಪರಮೇಶ್, ಮೂರನೆಯವರು ದನದ ಡಾಕ್ಟರಾಗಿದ್ದ ಮರುಳಪ್ಪ. ಭೀಮರಾಜುವಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದೂವರೆವರೆಗೆ ಆಟ. ಮೂವತ್ತು ವರ್ಷದಿಂದ ಅದು ನಡೆದುಕೊಂಡು ಬಂದಿತ್ತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ವರು, ಎದುರುಬದುರು ಕೂತ ಇಬ್ಬರಿಬ್ಬರು ಜೊತೆಗಾರರು, ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿದ ಸುತ್ತನ್ನು ದೊಡ್ಡ ಎಲೆಯವರು ಗೆದ್ದರೆ ಅದು ಒಂದು ಪಟ್ಟು. ಆಡುವ ಮೊದಲು "ನಾವು ಇಷ್ಟು ಪಟ್ಟು ಹಿಡಿಯುತ್ತೇವೆ" ಎಂದು ಕೂಗಬೇಕು. ‘ನಾಲ್ಕು ಇಸ್ಪೇಟ್’ ಎಂದು ಕೂಗಿದರೆ, ಇಸ್ಪೇಟನ್ನು ತುರುಪು ಮಾಡಿಕೊಂಡು ಆರರ ಮೇಲೆ ನಾಲ್ಕು, ಒಟ್ಟು ಹತ್ತು ಪಟ್ಟು ಹಿಡಿಯುತ್ತೇನೆ ಎಂದು ಮಾತು ಕೊಟ್ಟಂತೆ. ಇದು ಇವರಿಂದ ಆಗುವ ಮಾತಲ್ಲ ಎಂದು ಎದುರಾಳಿಗೆ ಅನ್ನಿಸಿದರೆ ಅವನು "ಡಬಲ್" ಎನ್ನಬಹುದು. ಆಗ ಮಾತು ತಪ್ಪಿದವನಿಗೆ ಬೀಳುವ ದಂಡ ದುಪ್ಪಟ್ಟು, ಮೂರುಪಟ್ಟು ಆಗುತ್ತದೆ. ಬಾಯಿಗೆ ಬಂದಂತೆ ಕೂಗುವವರನ್ನು ಹತೋಟಿಯಲ್ಲಿಡಲು ಆ ಆಟದಲ್ಲಿ ಇರುವುದು ಅದೊಂದೇ ಮದ್ದು.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಸದಾಶಿವಯ್ಯನವರು ಅಂದಿನ ಆಟವನ್ನೆಲ್ಲ ಹೆಂಡತಿಗೆ ವರ್ಣಿಸುತ್ತಿದ್ದರು. ಯಾರ ಹತ್ತಿರ ಯಾವ ಎಲೆ ಇತ್ತು, ತಾವು ಏನು ಕೂಗಿದೆವು, ಹೇಗೆ ಗೆದ್ದೆವು, ಎಲ್ಲವೂ. ಟೀಚರ್ ಮುದ್ದೆ ಮುರಿಯುತ್ತ ಐವತ್ತೆರಡು ಎಲೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಹೀಗೆ ಒಂದು ದಿನವೂ ಎಲೆ ಮುಟ್ಟದೆ ಅವರಿಗೆ ಆಟ ಪೂರ್ತಿ ಬಂದುಬಿಟ್ಟಿತು. ಕೆಲವು ಸಲ ಲೆಕ್ಕ ತಾಳೆಯಾಗುತ್ತಿರಲಿಲ್ಲ.

"ಭೀಮರಾಜಪ್ಪನ ಹತ್ರ ರಾಜ ಇತ್ತಲ್ರೀ? ಅದನ್ನ ಹಾಕಿದ್ರೆ ನೀವು ಸೋಲ್ತಿದ್ರಿ."

"ಅವನಿಗೆ ಅಷ್ಟು ಹೊಳೀಬೇಕಲ್ಲ ಕಣೇ" ಎಂದು ಸದಾಶಿವಯ್ಯನವರು ಮಜ್ಜಿಗೆ ಸುರಿದುಕೊಳ್ಳುತ್ತಿದ್ದರು.

ಹೋದ ವರ್ಷ ಮರುಳಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಎಲೆ ಹಿಡಿಯುವಂತಿಲ್ಲ ಎಂದರು. ನಾಲ್ಕನೆಯವರಿಲ್ಲದೆ ಆಟವಿಲ್ಲ. ಆಗ ಸದಾಶಿವಯ್ಯನವರೇ, "ಮೀನಾಕ್ಷಿನ ಕೂರಿಸ್ಕೊಳ್ಳೋಣ, ಅವಳಿಗೆ ಅಷ್ಟೋ ಇಷ್ಟೋ ಬರುತ್ತೆ" ಎಂದರು.

ಟೀಚರ್ ಒಗೆದ ಕಾಟನ್ ಸೀರೆ ಉಟ್ಟು, ಗಂಡನ ಸ್ಕೂಟರಿನ ಹಿಂದೆ ಕೂತು ಬಂದರು. ಮರುಳಪ್ಪನವರ ಕುರ್ಚಿ ಅವರಿಗೆ ಸಿಕ್ಕಿತು. ಅಂದರೆ ಭೀಮರಾಜುವಿಗೆ ಜೊತೆ, ಗಂಡನಿಗೂ ಪರಮೇಶನಿಗೂ ಎದುರಾಳಿ.

ಮೊದಲ ಎರಡು ಆಟ ಸಣ್ಣಪುಟ್ಟದ್ದರಲ್ಲಿ ಕಳೆಯಿತು. ಮೂರನೆಯದಕ್ಕೆ ಸದಾಶಿವಯ್ಯನವರು ಎಲೆ ಬಿಚ್ಚಿ ನೋಡಿ, ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಘೋಷಿಸುವವರಂತೆ "ನಾಲ್ಕು ಇಸ್ಪೇಟ್!" ಎಂದರು. ಭೀಮರಾಜು "ಪಾಸ್" ಎಂದರು. ಪರಮೇಶ್ "ಪಾಸ್" ಎಂದರು. ಟೀಚರ್ ತಮ್ಮ ಎಲೆ ನೋಡಿಕೊಂಡರು. ಇಸ್ಪೇಟ್ ಎಕ್ಕ, ರಾಣಿ, ಹತ್ತು ಅಲ್ಲೇ ಇದ್ದವು. ಬೇರೆ ಬಣ್ಣಗಳಲ್ಲಿ ಇನ್ನೂ ಎರಡು ಎಕ್ಕ.

"ಡಬಲ್" ಎಂದರು.

ಪರಮೇಶ್ ಎತ್ತಿದ್ದ ಕಾಫಿ ಲೋಟ ಹಾಗೇ ನಿಂತಿತು. ಭೀಮರಾಜು ಎರಡು ಸಲ ಕೆಮ್ಮಿದರು. ಟೀಚರಿಗೆ ಆ ಕೆಮ್ಮು ಅರ್ಥವಾಗಲಿಲ್ಲ.

"ಏನಂದೆ?" ಸದಾಶಿವಯ್ಯನವರು ನಗುತ್ತಲೇ ಕೇಳಿದರು.

"ಡಬಲ್ ಅಂದೆ ಕಣ್ರೀ. ಹೇಳಬಹುದಲ್ವಾ?"

"ಹೇಳಬಹುದು, ಹೇಳಬಹುದು. ಆಮೇಲೆ ಪಶ್ಚಾತ್ತಾಪ ಪಡಬೇಡ."

ಹತ್ತು ಪಟ್ಟು ಹಿಡಿಯುತ್ತೇನೆಂದವರು ಆರು ಹಿಡಿದರು. ಅವರ ಕೈಯಲ್ಲಿ ಇದ್ದದ್ದು ಉದ್ದಕ್ಕೆ ಏಳು ಇಸ್ಪೇಟ್, ಅದರಲ್ಲಿ ದೊಡ್ಡದೆಂದರೆ ಒಂದು ಗುಲಾಮ. ಅಂದು ಸಂಜೆಯೊಳಗೆ ಟೀಚರ್ ಇನ್ನೂ ಎರಡು ಸಲ ಡಬಲ್ ಹೇಳಿದರು, ಎರಡು ಸಲವೂ ಸದಾಶಿವಯ್ಯನವರು ಬಿದ್ದರು. ಮೂರನೆಯ ಸಲ ಭೀಮರಾಜು ಗೆಲ್ಲುವ ಎಲೆಯನ್ನು ಇಟ್ಟುಕೊಂಡು ಸೋಲುವ ಎಲೆ ಹಾಕಿದ್ದನ್ನು ಟೀಚರ್ ನೋಡಿದರು. ಆದರೂ ಗಂಡ ಬಿದ್ದರು, ಅಷ್ಟು ದೊಡ್ಡದಾಗಿತ್ತು ಅವರ ಕೂಗು.

ಸ್ಕೂಟರಿನಲ್ಲಿ ಬಿಳಿಗೆರೆಯವರೆಗೂ ಸದಾಶಿವಯ್ಯನವರು ಮಾತಾಡಲಿಲ್ಲ. ಊಟದ ಹೊತ್ತಿಗೂ ಆಟದ ಸುದ್ದಿ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು ಎಂದು ಟೀಚರ್ ನನಗೆ ಹೇಳಿದರು. "ಸೋತಿದ್ದಕ್ಕೆ ಬೇಜಾರು ಅನ್ಕೊಂಡೆ. ನಾನು ಇಷ್ಟು ವರ್ಷ ಕೇಳಿದ್ದ ಆಟಗಾರ ಅಲ್ಲಿರಲಿಲ್ಲ ಆಶಾ. ಅದರಿಂದ ನನಗೂ ಗಾಬರಿಯಾಗಿತ್ತು."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಮೂವರು ಗೆಳೆಯರೂ ತೋಟದ ಮನೆಗೆ ಬಂದರು. ಮರುಳಪ್ಪನವರು ನನ್ನ ಅಂಗಡಿಯ ಕಪ್ಪು ಕನ್ನಡಕ ಹಾಕಿಕೊಂಡಿದ್ದರು, ಪರಮೇಶ್ ಅವರ ಕೈ ಹಿಡಿದು ಜಗಲಿ ಹತ್ತಿಸಿದರು.

"ಅವ್ನು ಎಲ್ಲವ್ನೆ ಅತ್ತಿಗೆಮ್ಮ?" ಭೀಮರಾಜು ದನಿ ತಗ್ಗಿಸಿ ಕೇಳಿದರು.

"ತೋಟಕ್ಕೆ ಹೋಗಿರಬೇಕು. ಯಾಕೆ?"

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮರುಳಪ್ಪ, "ಅತ್ತಿಗೆಮ್ಮ, ನಾವು ಸದಾಶಿವನಿಗೆ ಡಬಲ್ ಹೇಳಲ್ಲ. ನೀವೂ ಹೇಳ್ಬಾರ್ದು" ಎಂದರು.

"ಯಾಕೆ ಹೇಳ್ಬಾರ್ದು?"

ಆಗ ಭೀಮರಾಜು ನೆಲ ನೋಡುತ್ತ ಹೇಳಿದರು. ಹದಿನೆಂಟು ವರ್ಷದ ಹಿಂದಿನ ಒಂದು ಭಾನುವಾರ. ಸದಾಶಿವಯ್ಯ ಐದು ಕಳಾವರ್ ಕೂಗಿದ್ದ. ಭೀಮರಾಜು ಡಬಲ್ ಹೇಳಿ ಕೆಟ್ಟದಾಗಿ ಬೀಳಿಸಿದ್ದರು. ದೊಡ್ಡ ಜಗಳವಾಗಿತ್ತು. ಸದಾಶಿವಯ್ಯ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲಿಳಿದು ಹೋಗಿದ್ದ. "ಭಾನುವಾರ ನಾನು ಡಬಲ್ ಹೇಳ್ದೆ. ಮಂಗಳವಾರ ಅವ್ನಿಗೆ ಎದೆ ಹಿಡ್ಕೊಂತು. ಮೈಸೂರಿಗೆ ಸಾಗಿಸೋವಾಗ ಕಾರಲ್ಲಿ ಅವ್ನ ತಲೆ ನನ್ ತೊಡೆ ಮೇಲಿತ್ತು. ಅವತ್ತೇ ಅನ್ಕೊಂಡೆ, ಇವ್ನು ಬದುಕಿದ್ರೆ ಇನ್ಮೇಲೆ ಆ ಮಾತು ನನ್ ಬಾಯಲ್ಲಿ ಬರಲ್ಲ ಅಂತ. ಇವ್ರಿಬ್ರಿಗೂ ಆಣೆ ಹಾಕಿಸ್ದೆ."

"ಡಬಲ್ ಒಂದೇನಾ? ಗೆಲ್ಲಿಸಿದ್ದೂ ಇದೆಯಾ?" ಟೀಚರ್ ಕೇಳಿದರು.

ಪರಮೇಶ್ ತಲೆ ಕೆರೆದುಕೊಂಡರು. "ಆಗಾಗ... ಒಂದೊಂದು ಎಲೆ ತಪ್ಪಾಗಿ ಹಾಕ್ತಿದ್ರು ಇವ್ರು. ನಾನು ಅವ್ನ ಜೊತೆಗಾರ, ನೋಡಿದ್ರೂ ನೋಡ್ದಂಗೆ ಇರ್ತಿದ್ದೆ."

"ಹಂಗಾದ್ರೆ ಹದಿನೆಂಟು ವರ್ಷ ಅವರು ಆಡಿದ್ದು ಆಟವೇ ಅಲ್ಲ ಅನ್ನಿ."

 ಅಷ್ಟರಲ್ಲಿ ಮೇಲಿಂದ ಏಣಿ ಕಿರುಗುಟ್ಟಿತು. ಸದಾಶಿವಯ್ಯನವರು ತೋಟಕ್ಕೆ ಹೋಗಿರಲಿಲ್ಲ. ಅಟ್ಟದ ಮೇಲೆ ಒಣಗಲು ಬಿಟ್ಟ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ನೋಡುತ್ತ ಕೂತಿದ್ದರು. ಹಲಗೆ ಸಂದಿಯಿಂದ ಎಲ್ಲ ಕೇಳಿಸಿತ್ತು. ತಲೆಯ ಮೇಲೆ ತೆಂಗಿನ ನಾರು, ಕೈಯಲ್ಲಿ ಒಂದು ಒಣಕಾಯಿ. ಬಂದು ಮರುಳಪ್ಪನವರ ಮುಂದೆ ನಿಂತರು.

"ಮರುಳಾ, ಆರು ಡೈಮನ್ ಮಾಡಿದ್ನಲ್ಲ. ಅದೂನಾ?"

ಆರು ಡೈಮನ್ ಎಂದರೆ ಸದಾಶಿವಯ್ಯನವರ ಜೀವಮಾನದ ಆಟ. ಹದಿಮೂರರಲ್ಲಿ ಹನ್ನೆರಡು ಪಟ್ಟು. ಅದನ್ನು ಅವರು ಬೀಗರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕಾಯಿ ಕೀಳುವವರಿಗೆ ಕೂಡ ಹೇಳಿದ್ದರು. ಅವರ ಕಣ್ಣಿನ ಪರೀಕ್ಷೆ ಮಾಡುವಾಗ ನಾನೂ ಎರಡು ಸಲ ಕೇಳಿದ್ದೆ.

ಮರುಳಪ್ಪನವರು ಕಪ್ಪು ಕನ್ನಡಕ ತೆಗೆದರು. ಬಿಸಿಲಿಗೆ ಕಣ್ಣು ಚುಚ್ಚಿತೇನೋ, ಮತ್ತೆ ಹಾಕಿಕೊಂಡರು. "ಕೊನೇಲಿ ಎರಡು ಎಲೆ ಉಳಿದಿತ್ತು ಕಣಪ್ಪ. ಕಳಾವರ್ ರಾಣಿ, ಆಟೀನ್ ಹತ್ತು. ರಾಣಿ ಇಟ್ಕೊಂಡಿದ್ರೆ ನೀನು ಬೀಳ್ತಿದ್ದೆ. ರಾಣಿ ಬಿಸಾಕ್ದೆ."

ಸದಾಶಿವಯ್ಯನವರು ಒಣಕಾಯಿಯನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟು ತೋಟದ ಕಡೆ ನಡೆದು ಹೋದರು.

ಎರಡು ಭಾನುವಾರ ಅವರು ಪೇಟೆಗೆ ಬರಲಿಲ್ಲ. ಗೆಳೆಯರ ಫೋನು ಎತ್ತಲಿಲ್ಲ. ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ. ಟೀಚರ್ ಕ್ಷಮೆ ಕೇಳಲಿಲ್ಲ, ಏಕೆಂದರೆ ತಪ್ಪು ಮಾಡಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಆದರೆ ಗಂಡ ತೋಟದಲ್ಲಿ ತಡವಾದರೆ ಬಾಗಿಲಿಗೆ ಬಂದು ಬಂದು ನೋಡುತ್ತಿದ್ದರು. ಮೂರನೆಯ ಭಾನುವಾರ ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಸದಾಶಿವಯ್ಯನವರೇ ಬಾಯಿಬಿಟ್ಟರು.

"ನೀನ್ಯಾಕೆ ಡಬಲ್ ಹೇಳ್ದೆ?"

"ನೀವು ಕೂಗಿದ್ದು ಆಗದ ಮಾತಾಗಿತ್ತು, ಹೇಳ್ದೆ. ನಾನು ಒಬ್ಬ ಆಟಗಾರನ ಎದುರು ಕೂತಿದ್ದೆ ಕಣ್ರೀ, ರೋಗಿ ಎದುರು ಅಲ್ಲ."

ಸದಾಶಿವಯ್ಯನವರು ಇನ್ನೊಂದು ಹಿಡಿ ಕಾಳು ಬಿಡಿಸಿದರು. "ನನಗೆ ಎದೆನೋವು ಬಂದ್ಮೇಲೆ ನೀನೂ ಏನಾದ್ರೂ ಹೀಗೆ ಮುಚ್ಚಿಟ್ಟಿದೀಯಾ?"

ಟೀಚರ್ ಯೋಚಿಸಿದರು. "ಒಂದಿದೆ. ನೀವು ಹಬ್ಬಹಬ್ಬಕ್ಕೂ ಅಡಿಗೆಮನೆಗೆ ನುಗ್ಗಿ ಹುಳಿ ಮಾಡ್ತೀರಲ್ಲ, ಅದು ಚೆನ್ನಾಗಿರಲ್ಲ."

"ಚೆನ್ನಾಗಿರಲ್ವಾ?"

"ಒಂದ್ಸಲನೂ ಚೆನ್ನಾಗಿರಲಿಲ್ಲ. ನಮ್ಮತ್ತೆನೂ ಹಂಗೇ ಅಂತಿದ್ರು, ಪಾಪ, ಕೊನೇವರೆಗೂ ನಿಮಗೆ ಹೇಳಲಿಲ್ಲ."

ಸದಾಶಿವಯ್ಯನವರು ಮೊದಲು ಬೆಪ್ಪಾದರು. ಆಮೇಲೆ ನಗು ಶುರುವಾಯಿತು. ಅವರೆಕಾಯಿ ಮೊರ ಅಲುಗುವಷ್ಟು ನಕ್ಕರು, ಕಣ್ಣಲ್ಲಿ ನೀರು ಬಂತು. ಅದು ಪೂರ್ತಿ ನಗುವಿನದ್ದೇ ಎಂದು ಹೇಳಲಾರೆ ಎಂದು ಟೀಚರ್ ಹೇಳಿದರು.

ಕಣ್ಣೊರೆಸಿಕೊಂಡು ಒಳಗೆ ಹೋಗಿ ಶರಟು ಹಾಕಿಕೊಂಡು ಬಂದರು. "ಹೊರಡು. ಭೀಮನ ಹತ್ರ ಹೋಗ್ಬೇಕು" ಎಂದರು.

ಭೀಮರಾಜು ಭಾನುವಾರವೂ ಅಂಗಡಿ ತೆರೆದು, ಕೆಳಗೆ ಕೂತು ಯಾವುದೋ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಗೆಳೆಯನನ್ನು ನೋಡಿ ಎದ್ದು ನಿಂತರು. ಸದಾಶಿವಯ್ಯನವರೇ ಸ್ಟೂಲು ಎಳೆದುಕೊಂಡು ಕೂತರು.

"ಲೇ ಭೀಮಾ, ಆಗ ನಾನು ದಿನಕ್ಕೆ ಎರಡು ಕಟ್ಟು ಬೀಡಿ ಸೇದ್ತಿದ್ದೆ, ನೆನಪೈತಾ?"

"ಐತೆ."

"ನಮ್ಮಪ್ಪನೂ ಎದೆನೋವಿನಿಂದ್ಲೇ ಹೋಗಿದ್ದು. ನೆನಪೈತಾ?"

"ಐತೆ ಕಣ್ಲಾ. ಯಾಕೆ?"

"ಡಾಕ್ಟ್ರು ಅವತ್ತೇ ಹೇಳಿದ್ರು, ಇದು ವರ್ಷಗಟ್ಲೆ ಕಟ್ಕೊಂಡಿದ್ದು ಅಂತ. ನಿನ್ ಡಬಲ್‌ನಿಂದ ಆಗಿದ್ದಲ್ಲ ಅದು. ಹದಿನೆಂಟು ವರ್ಷ ಒಬ್ನೇ ಹೊತ್ಕೊಂಡು ತಿರುಗಿದ್ದೀಯಲ್ಲೋ. ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಭೀಮರಾಜು ತಂತಿಯ ಸುರುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಹೆಂಗೆ ಕೇಳೋದು ಬುಡು" ಎಂದರು. 

ಅಂದೇ ಪರಮೇಶನಿಗೂ ಮರುಳಪ್ಪನವರಿಗೂ ಫೋನು ಹೋಯಿತು. ಮರುಳಪ್ಪನವರ ಕಣ್ಣು ಅಷ್ಟರಲ್ಲಿ ಸುಮಾರಾಗಿ ತಿಳಿಯಾಗಿತ್ತು. ಆದರೂ ಮೀನಾಕ್ಷಮ್ಮನವರೇ ಕೂರಬೇಕೆಂದು ಅವರು ಹಟ ಹಿಡಿದು, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಮೂರೂವರೆಗೆ ಎಲೆ ಹಂಚಿದರು.

ಸದಾಶಿವಯ್ಯನವರಿಗೆ ಅಭ್ಯಾಸ ಹೋಗಿರಲಿಲ್ಲ. ಎರಡನೇ ಆಟಕ್ಕೇ ‘ನಾಲ್ಕು ಆಟೀನ್’ ಎಂದರು. ಈಗ ಕೂಗುವ ಸರದಿ ಭೀಮರಾಜುವಿನದು. ಎಲೆ ನೋಡಿದರು, ಗೆಳೆಯನ ಮುಖ ನೋಡಿದರು, ಮತ್ತೆ ಎಲೆ ನೋಡಿದರು.  ಅವರ ಹಣೆ ಬೆವರಿದ್ದನ್ನು ನೋಡಿ ಟೀಚರಿಗೆ ತಮ್ಮ ಕ್ಲಾಸಿನ ಮಕ್ಕಳ ನೆನಪಾಯಿತಂತೆ.

"ಹೇಳ್ಲಾ!" ಎಂದು ಸದಾಶಿವಯ್ಯನವರು ಮೇಜು ಗುದ್ದಿದರು. "ನಿನ್ ಹತ್ರ ಎಲೆ ಐತೆ ಅಂತ ನಿನ್ ಮುಖ ನೋಡಿದ್ರೇ ಗೊತ್ತಾಯ್ತದೆ. ಹೇಳು!"

"ಡಬಲ್" ಎಂದರು ಭೀಮರಾಜು. ಹೊರಗಿನವರಿಗೆ ಕೇಳಿಸದಷ್ಟು ಮೆಲ್ಲಗೆ.

ಸದಾಶಿವಯ್ಯನವರು ಮೂರು ಪಟ್ಟಿನಿಂದ ಬಿದ್ದರು. ಕೊನೆಯ ಎಲೆ ಬೀಳುತ್ತಿದ್ದಂತೆ ಮರುಳಪ್ಪನವರು ಪಕ್ಕದಿಂದ ಕೈ ಚಾಚಿ ಅವರ ನಾಡಿ ಹಿಡಿದುಕೊಂಡರು.

"ಬುಡ್ಲಾ ಕೈನ! ನಾನೇನು ಕಾಯಿಲೆ ಬಿದ್ದ ಎಮ್ಮೆನಾ?"

ಆಗ ಎಲ್ಲರೂ ನಕ್ಕರು. ಭೀಮರಾಜು ಮಾತ್ರ ಕಾಫಿ ತರುತ್ತೇನೆಂದು ಎದ್ದು ಕೆಳಗೆ ಹೋದವರು ತುಂಬ ಹೊತ್ತು ಬರಲಿಲ್ಲ.

ಮುಂದಿನ ಎರಡು ಮೂರು ತಿಂಗಳು ಸದಾಶಿವಯ್ಯನವರ ಪಾಲಿಗೆ ಕಷ್ಟದ ಕಾಲ. ಹದಿನೆಂಟು ವರ್ಷ ನುಂಗಿಕೊಂಡಿದ್ದ ಡಬಲ್‌ಗಳನ್ನೆಲ್ಲ ಭೀಮರಾಜು ಒಂದೇ ಸಮನೆ ತೀರಿಸಿಕೊಂಡರು. ಟೀಚರಂತೂ ಬಿಡುವವರೇ ಅಲ್ಲ. ಐವರಾದ್ದರಿಂದ ಸರದಿ ಮೇಲೆ ಒಬ್ಬರು ಹೊರಗೆ ಕೂರುತ್ತಿದ್ದರು, ಆದರೆ ಯಾರು ಹೊರಗೆ ಕೂತರೂ ಬೀಳುವವರು ಸದಾಶಿವಯ್ಯನವರೇ. ಒಂದು ದಿನ ಅವರು ನನ್ನ ಅಂಗಡಿಗೆ ಬಂದು, ಓದುವ ಕನ್ನಡಕದ ಪವರ್ ಹೆಚ್ಚಾಗಿದೆಯೇ ನೋಡು ಎಂದರು. ನೋಡಿದೆ, ಏನೂ ಹೆಚ್ಚಾಗಿರಲಿಲ್ಲ. "ಹಂಗಾದ್ರೆ ತಪ್ಪು ಕಣ್ಣಿಂದಲ್ಲ" ಎಂದು ಎದ್ದು ಹೋದರು. ಆ ವಾರದಿಂದ ಕೂಗುವ ಮೊದಲು ಎಲೆ ಎಣಿಸುವುದನ್ನು ಕಲಿತರು. ಅಟ್ಟದ ಮೇಲೆ ಕಾಯಿಗಳ ನಡುವೆ ಕೂತು ತಾವೇ ನಾಲ್ಕು ಕೈ ಹಂಚಿಕೊಂಡು ಆಡುತ್ತಿದ್ದುದನ್ನು ಟೀಚರ್ ಒಂದು ಸಲ ಏಣಿಯಿಂದ ಇಣುಕಿ ನೋಡಿ, ಸದ್ದಾಗದಂತೆ ಇಳಿದು ಬಂದರು.

ಕಾರ್ತಿಕದ ಒಂದು ಭಾನುವಾರ ಟೀಚರ್ ‘ಒಂದು ಇಸ್ಪೇಟ್’ ಎಂದು ಆರಂಭಿಸಿದರು. ಇಸ್ಪೇಟ್ ಎಕ್ಕ, ರಾಜ, ರಾಣಿ ಮೂರೂ ಅವರಲ್ಲಿತ್ತು. ಕೂಡಲೇ ಸದಾಶಿವಯ್ಯನವರು ಹಳೆಯ ದನಿಯಲ್ಲಿ, ಗಂಟಲು ಸರಿಮಾಡಿಕೊಂಡು, "ನಾಲ್ಕು ಆಟೀನ್!" ಎಂದರು. ಉಳಿದ ಇಬ್ಬರೂ ಪಾಸ್. ಟೀಚರ್ ಮನಸ್ಸಿನಲ್ಲಿ, ಅಯ್ಯೋ, ಮತ್ತೆ ಶುರುವಾಯಿತಲ್ಲ ಎಂದುಕೊಂಡು "ಡಬಲ್" ಎಂದರು.

"ರೀಡಬಲ್" ಎಂದರು ಸದಾಶಿವಯ್ಯನವರು. ಡಬಲ್ ಹೇಳಿದವರ ಮೇಲೇ ಅದನ್ನು ಮತ್ತೆ ದುಪ್ಪಟ್ಟು ಮಾಡಿ ತಿರುಗಿಸುವ ಮಾತು ಅದು. ಆ ಕೋಣೆಯಲ್ಲಿ ಅದನ್ನು ಯಾರೂ ಯಾವತ್ತೂ ಹೇಳಿರಲಿಲ್ಲ.

ಭೀಮರಾಜು ಜೊತೆಗಾರ್ತಿಯ ಬಣ್ಣವೆಂದು ಒಂದು ಇಸ್ಪೇಟ್ ಹಾಕಿದರು. ಪರಮೇಶನ ಎಲೆ ಬಿತ್ತು. ಟೀಚರ್ ರಾಣಿ ಹಾಕಿದರು. ಸದಾಶಿವಯ್ಯನವರು ಅದರ ಮೇಲೆ ತುರುಪಿನ ಸಣ್ಣ ಎಲೆ, ಆಟೀನ್ ಎರಡನ್ನು, ನಿಧಾನವಾಗಿ ಇಟ್ಟರು. ಅವರ ಕೈಯಲ್ಲಿ ಇಸ್ಪೇಟ್ ಒಂದೂ ಇರಲಿಲ್ಲ. ಟೀಚರ್ ನೆಚ್ಚಿಕೊಂಡಿದ್ದ ಮೂರೂ ದೊಡ್ಡ ಎಲೆ ಯಾವ ಕೆಲಸಕ್ಕೂ ಬರಲಿಲ್ಲ. ಹೇಳಿದ ಹತ್ತು ಪಟ್ಟನ್ನು ಸದಾಶಿವಯ್ಯನವರು ಸರಿಯಾಗಿ ಹಿಡಿದರು. ಯಾರೂ ರಾಣಿ ಬಿಸಾಕಲಿಲ್ಲ. ಮರುಳಪ್ಪನವರು ಪಕ್ಕದಲ್ಲಿ ಕೂತು ಪ್ರತಿ ಎಲೆಯನ್ನೂ ಹೊಸ ಕಣ್ಣಿನಿಂದ ಕಾದಿದ್ದರು.

"ಬೇಕಂತಲೇ ಹಂಗೆ ಕೂಗಿದ್ರಾ?" ಟೀಚರ್ ಕೇಳಿದರು.

"ಹಳೇ ದನೀಲಿ ಕೂಗಿದ್ರೆ ನೀನು ಹೇಳೇ ಹೇಳ್ತೀಯ ಅಂತ ಗೊತ್ತಿತ್ತು ಕಣೇ."

 ಟೀಚರ್ ಗಂಡನತ್ತ ಕೈ ಚಾಚಿದರು. ಮೂರು ಜನರ ಎದುರು ಹೆಂಡತಿಯ ಕೈ ಕುಲುಕಬೇಕೋ ಬೇಡವೋ ತಿಳಿಯದೆ ಸದಾಶಿವಯ್ಯನವರು ಕೈಯನ್ನು ಪಂಚೆಗೆ ಒರೆಸಿಕೊಂಡು ಕುಲುಕಿದರಂತೆ.

ಈ ವರ್ಷ ಗಂಡಹೆಂಡತಿ ಜೊತೆಗಾರರಾಗಿ ಹಾಸನದಲ್ಲಿ ನಡೆದ ಒಂದು ಬ್ರಿಜ್ ಪಂದ್ಯಕ್ಕೆ ಹೋಗಿದ್ದರು. ಭೀಮರಾಜು ವ್ಯಾನು ಓಡಿಸಿಕೊಂಡು ಹೋದರು, ಉಳಿದಿಬ್ಬರು ಹಿಂದೆ ಕೂತು ಚಕ್ಕುಲಿ ತಿಂದರು. ಹದಿನಾರು ಜೋಡಿಗಳಲ್ಲಿ ನಮ್ಮವರು ಹನ್ನೊಂದನೆಯವರಾದರು. ಸೋಮವಾರ ಟೀಚರ್ ಅಂಗಡಿಗೆ ಬಂದಾಗ ಹೇಗಾಯಿತು ಎಂದು ಕೇಳಿದೆ.

"ಎರಡು ಸಲ ನಮಗೆ ಡಬಲ್ ಹೇಳಿದ್ರು ಆಶಾ. ಒಂದು ಬಿದ್ವಿ, ಒಂದು ಗೆದ್ವಿ" ಎಂದರು. ಕನ್ನಡಕ ತೆಗೆದು ನನ್ನ ಮುಂದಿಟ್ಟು, "ಇದರ ಸ್ಕ್ರೂ ಸಡಿಲ ಆಗಿದೆ ನೋಡು. ಮುಂದಿನ ತಿಂಗಳು ತುಮಕೂರಲ್ಲಿ ಇನ್ನೊಂದು ಪಂದ್ಯ ಇದೆಯಂತೆ" ಎಂದರು.